ಬೆಲ್ಲನಿಗೆ ಒಂದು ಯೂನಿಟ್

ಡಿಸೆಂಬರ್‌ನ ಒಂದು ಬುಧವಾರ ಸಂಜೆ ಕ್ಲಿನಿಕ್‌ನಿಂದ ಮೆಸೇಜ್ ಬಂತು. ನಾಳೆ ಬೆಳಿಗ್ಗೆ 9ಕ್ಕೆ ನಿಮ್ಮ ಬೆಕ್ಕಿನ ಹಲ್ಲು ಕೀಳುವುದಿದೆ, ರಾತ್ರಿ 10ರ ಮೇಲೆ ಏನೂ ತಿನ್ನಿಸಬೇಡಿ. ಅಷ್ಟೇ. ಇನ್ಸುಲಿನ್ ಬಗ್ಗೆ ಒಂದಕ್ಷರ ಇಲ್ಲ. ಫೋನ್ ಮಾಡಿದೆ. ಎತ್ತಿದ ಹುಡುಗ, "ದಿನಾ ಕೊಡೋ ಔಷಧಿ ಎಲ್ಲಾ ಮಾಮೂಲಿ ತರಾನೇ ಕೊಡಿ ಮೇಡಂ" ಎಂದ.

ರಾತ್ರಿಯಿಂದ ಖಾಲಿ ಹೊಟ್ಟೆ, ಬೆಳಿಗ್ಗೆ ಪೂರ್ತಿ ಇನ್ಸುಲಿನ್. ಶುಗರ್ ಇರುವವರ ಜೊತೆ ಬಾಳಿದ ಯಾರಿಗೇ ಆದರೂ ಇವೆರಡನ್ನು ಒಟ್ಟಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ನಮ್ಮ ಮನೆಯಲ್ಲಿ ಅಂಥವರು ಇಬ್ಬರು. ಒಬ್ಬರು ಅಮ್ಮ, ಇನ್ನೊಬ್ಬ ಬೆಲ್ಲ.

ಹೆಸರಿಟ್ಟಾಗ ಇದೆಲ್ಲ ಗೊತ್ತಿರಲಿಲ್ಲ ಬಿಡಿ. ಒಂಬತ್ತು ವರ್ಷದ ಹಿಂದೆ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ, ನಿಂತ ಕಾರಿನ ಕೆಳಗೆ ಸಿಕ್ಕ ಮರಿ. ಮಂಡ್ಯದ ಅಚ್ಚು ಬೆಲ್ಲದ್ದೇ ಬಣ್ಣ. ಅಮ್ಮ ಮೊಸರನ್ನ ಕಲಸಿ ಹಾಕಿದರು, ನಾನು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ತಿಂಡಿಯನ್ನು ಬಟ್ಟಲು ತುಂಬ ಇಟ್ಟೆ, ಅವನು ಎರಡನ್ನೂ ತಿಂದು 6.8 ಕೆಜಿಗೆ ಬಂದ. ಗಂಡು, ಬೀಜ ಒಡೆಸಿದವನು, ದಪ್ಪ, ಮನೆಯಿಂದಾಚೆ ಹೋಗದವನು. ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಬರುವುದು ಇಂಥವಕ್ಕೇ ಅಂತೆ. ಹೋದ ವರ್ಷ ಬಚ್ಚಲುಮನೆಯ ಮಗ್ಗಿಗೆ ತಲೆ ಹಾಕಿ ನೀರು ಕುಡಿಯಲು ಶುರು ಮಾಡಿದ. ಅವನು ಉಚ್ಚೆ ಹೊಯ್ಯುವ ಮಣ್ಣಿನ ಟ್ರೇ ದಿನಕ್ಕೆ ಎರಡು ಸಲ ಬದಲಾಯಿಸುವ ಹಾಗಾಯಿತು. ತಿನ್ನುವುದು ಜಾಸ್ತಿ, ತೂಕ ಮಾತ್ರ ಇಳಿಮುಖ. ಕ್ಲಿನಿಕ್‌ನಲ್ಲಿ ಶುಗರ್ 430 ಬಂತು. ಬೆಕ್ಕಿಗೆ ಹೆದರಿಕೆಯಾದರೂ ಸಕ್ಕರೆ 300 ದಾಟಬಹುದು, ಹಾಗಾಗಿ ಒಂದೆರಡು ವಾರದ ಸರಾಸರಿ ಹೇಳುವ ಫ್ರಕ್ಟೋಸಮೈನ್ ಎಂಬ ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದರು. ಅದೂ ಜಾಸ್ತಿಯೇ ಬಂತು. ಹೆಸರು ಕೇಳಿ ಡಾಕ್ಟರ್ ನಗು ತಡೆದುಕೊಳ್ಳಲು ಕಷ್ಟಪಟ್ಟಿದ್ದು ನೆನಪಿದೆ.

ಅಲ್ಲಿಂದ ಬೆಳಿಗ್ಗೆ ಏಳು, ಸಂಜೆ ಏಳು. ಗ್ಲಾರ್ಜಿನ್ ಅನ್ನುವ ಇನ್ಸುಲಿನ್, 3 ಯೂನಿಟ್. ಫ್ರಿಜ್ ಬಾಗಿಲಿನಲ್ಲಿ ಎರಡು ಡಬ್ಬಿ: ಒಂದರ ಮೇಲೆ "ಅಮ್ಮ", ಇನ್ನೊಂದರ ಮೇಲೆ "ಬೆಲ್ಲ". ಯುಗಾದಿಗೆ ಬಂದಿದ್ದ ಅತ್ತಿಗೆ ಒಬ್ಬಟ್ಟಿನ ಹೂರಣಕ್ಕೆ ಅಂತ ಆ ಡಬ್ಬಿ ತೆಗೆದು, ಒಳಗೆ ಸಿರಿಂಜ್ ನೋಡಿ ಗಾಬರಿಯಾಗಿದ್ದರು.

ಡಬ್ಬಿ ಬೇರೆ ಮಾಡಿದ್ದು ಸುಮ್ನೆ ಅಲ್ಲ. ಅಮ್ಮನ ಇನ್ಸುಲಿನ್ ಒಂದು ಮಿಲಿಲೀಟರ್‌ಗೆ 40 ಯೂನಿಟ್‌ನದು, ಅದರ ಸಿರಿಂಜ್‌ಗೆ ಕೆಂಪು ಮುಚ್ಚಳ. ಬೆಲ್ಲನದು 100 ಯೂನಿಟ್‌ನದು, ಕಿತ್ತಳೆ ಮುಚ್ಚಳ. ಮೊದಲ ದಿನ ಮೆಡಿಕಲ್ ಸ್ಟೋರ್‌ನವರು ಬೆಕ್ಕಿಗೂ ಕೆಂಪು ಮುಚ್ಚಳದ್ದೇ ಕೊಟ್ಟಿದ್ದರು. ಅದರಲ್ಲಿ ಮೂರನೇ ಗೆರೆವರೆಗೆ ಎಳೆದಿದ್ದರೆ ಒಳಗೆ ಹೋಗುತ್ತಿದ್ದುದು ಏಳೂವರೆ ಯೂನಿಟ್! ಪುಣ್ಯಕ್ಕೆ, ಚುಚ್ಚುವುದನ್ನು ಹೇಳಿಕೊಡುವಾಗಲೇ ಡಾಕ್ಟರ್ ನೋಡಿದರು.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಅಕ್ಟೋಬರ್‌ನಲ್ಲಿ ಅವನ ಬಾಯಿ ನಾರಲು ಶುರುವಾಯಿತು. ತುತ್ತು ಕಚ್ಚಿ, ಕೂಗಿ, ಬೀಳಿಸುತ್ತಿದ್ದ. ಅದೇ 3 ಯೂನಿಟ್, ಅದೇ ಊಟ, ಆದರೂ ಶುಗರ್ 200ರ ಆಸುಪಾಸಿನಿಂದ 350ಕ್ಕೆ ಹತ್ತಿತು. ವಸಡಿನಲ್ಲಿ ಕೀವು ಇರುವ ತನಕ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದರು ಡಾಕ್ಟರ್. ಶುಗರ್ ಹದಕ್ಕೆ ಬಂದ ಮೇಲೆ ಹಲ್ಲು ಕೀಳಿಸೋಣ ಅಂತ ನಾನು ಎರಡು ತಿಂಗಳು ಮುಂದೂಡಿದ್ದೆ. ಹಲ್ಲು ಕೀಳದೆ ಶುಗರ್ ಹದಕ್ಕೆ ಬರುವುದಿಲ್ಲ ಅಂತ ತಲೆಗೆ ಹೋಗಲು ಅಷ್ಟು ದಿನ ಬೇಕಾಯಿತು. ನಿಜ ಹೇಳಬೇಕೆಂದರೆ ಹೆದರಿಕೆ ಇದ್ದದ್ದು ಅರಿವಳಿಕೆಯದು.

ಆ ಬುಧವಾರ ರಾತ್ರಿ ಅಮ್ಮ ತೀರ್ಪು ಕೊಟ್ಟೇಬಿಟ್ಟರು. "ನನ್ನ ಕಣ್ಣಿನ ಪೊರೆ ತೆಗೆದಾಗ ಏನಂದ್ರು? ತಿಂಡಿ ಇಲ್ಲ ಅಂದ್ರೆ ಸೂಜೀನೂ ಇಲ್ಲ. ಇವನಿಗೂ ಅದೇ ಕಣೇ."

"ಆ ಹುಡುಗ ಪೂರ್ತಿ ಕೊಡಿ ಅಂದ, ನೀನು ಪೂರ್ತಿ ಬಿಡು ಅಂತೀಯ" ಎಂದೆ.

ಒಂಬತ್ತೂವರೆಗೆ ಡಾಕ್ಟರ್ ತಾವೇ ಫೋನ್ ಮಾಡಿದರು. ಎರಡೂ ತಪ್ಪು ಅಂದರು. ಪೂರ್ತಿ ಬಿಟ್ಟರೆ ಸಕ್ಕರೆ ಏರುತ್ತೆ, ಮೂತ್ರದಲ್ಲಿ ನೀರೆಲ್ಲ ಹೋಗಿ ಮೈ ಒಣಗುತ್ತೆ, ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಕೂಡ ಸೇರಲು ಶುರುವಾಗಬಹುದು. ಪೂರ್ತಿ ಕೊಟ್ಟರೆ ಕುಸಿಯುತ್ತೆ. "ಮನೇಲಿ ಶುಗರ್ ಇಳಿದ್ರೆ ಅವನು ತೂರಾಡ್ತಾನೆ, ನಡುಗ್ತಾನೆ, ನೀವು ನೋಡ್ತೀರಿ, ಒಸಡಿಗೆ ಜೇನುತುಪ್ಪ ಸವರ್ತೀರಿ. ನನ್ನ ಟೇಬಲ್ ಮೇಲೆ ಮಲಗಿದವನು ತೂರಾಡೋದು ಹೇಗೆ? ಎಲ್ಲಾ ಬೆಕ್ಕೂ ಒಂದೇ ತರ ಬಿದ್ದುಕೊಂಡಿರುತ್ತೆ" ಎಂದರು. ಅದಕ್ಕೇ ಅರ್ಧ. ರಾತ್ರಿಯಿಡೀ ಉಪವಾಸವೂ ಬೇಡ, ಶುಗರ್ ಇರುವ ಬೆಕ್ಕಿಗೆ ಅಷ್ಟು ಹೊತ್ತು ಒಳ್ಳೆಯದಲ್ಲ, ಬೆಳಿಗ್ಗೆ ಬೇಗ ಸ್ವಲ್ಪ ಮೆದು ಊಟ ಕೊಡಿ ಎಂದರು. ಕ್ಲಿನಿಕ್‌ಗೆ ಬಂದ ಮೇಲೆ ಹೆದರಿಕೆಗೆ ನಂಬರ್ ಏರುತ್ತದೆ, ಹಾಗಾಗಿ ಮನೆಯಲ್ಲಿ ನೋಡಿದ ನಂಬರ್ರೇ ಮುಖ್ಯ ಅಂತ ಎರಡು ಸಲ ಹೇಳಿದರು.

ಕ್ಯಾಲೆಂಡರ್‌ನ ನವೆಂಬರ್ ಹಾಳೆ ಹರಿದು ಹಿಂದೆ ಬರೆದುಕೊಂಡೆ. ಐದೂವರೆಗೆ ಶುಗರ್ ನೋಡು. 200ರ ಮೇಲಿದ್ದರೆ ಕಾಲು ಭಾಗ ಊಟ, ಒಂದೂವರೆ ಯೂನಿಟ್. 150ರ ಕೆಳಗಿದ್ದರೆ ಇನ್ಸುಲಿನ್ ಬೇಡ, ಫೋನ್ ಮಾಡು. (ಇದು ಬೆಲ್ಲನ ಲೆಕ್ಕ. ಇನ್ನೊಬ್ಬ ಡಾಕ್ಟರ್ ಇನ್ನೊಂದು ಬೆಕ್ಕಿಗೆ ಬೇರೆಯೇ ಹೇಳುತ್ತಾರೆ. ದಯವಿಟ್ಟು ಇದನ್ನೇ ನೋಡಿಕೊಂಡು ಚುಚ್ಚಬೇಡಿ.)

ಬೆಳಿಗ್ಗೆ ಐದೂವರೆ. ಅಡುಗೆಮನೆಯ ಕಟ್ಟೆಯ ಮೇಲೆ ಟವೆಲ್, ಅದರ ಮೇಲೆ ಬೆಲ್ಲ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿದೆ. ಕಿವಿಯ ಅಂಚಿಗೆ ಹಿಂದಿನಿಂದ ಹತ್ತಿ ಒತ್ತಿ ಹಿಡಿದು ಚುಚ್ಚಬೇಕು, ಸಾಸಿವೆ ಕಾಳಿನಷ್ಟು ರಕ್ತ ಬಂದರೆ ಸಾಕು. ಬಂತು. ಮೀಟರ್ ಐದು ಎಣಿಸಿತು.

171.

ಹಾಳೆ ನೋಡಿದೆ. 200ರ ಮೇಲೆ ಅಂತಿದೆ. 150ರ ಕೆಳಗೆ ಅಂತಿದೆ. ನಡುವೆ ಏನೂ ಇಲ್ಲ. ಎರಡು ತಿಂಗಳಿಂದ 300ರ ಮೇಲೇ ಇರುವವನು ಇವತ್ತೇ 171ಕ್ಕೆ ಬರುತ್ತಾನೆ ಅಂತ ನಾನೂ ಅಂದುಕೊಂಡಿರಲಿಲ್ಲ, ಅವರೂ ಅಂದುಕೊಂಡಿರಲಿಲ್ಲ. ಇನ್ನೊಂದು ಕಿವಿ ಚುಚ್ಚಿದೆ. 183. ನಮ್ಮದು ಅಮ್ಮನ ಮೀಟರ್. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಹಾಗಾದರೆ ನಿಜವಾದ ನಂಬರ್ 200 ದಾಟಿರಬಹುದಾ? ದಾಟಿದ್ದರೆ ಒಂದೂವರೆ. ದಾಟದಿದ್ದರೆ?

ಡಾಕ್ಟರ್ ಫೋನ್ ಎತ್ತಲಿಲ್ಲ. ಚಳಿಗಾಲದ ಐದೂಮುಕ್ಕಾಲು, ಪಾಪ ಯಾರು ಎತ್ತುತ್ತಾರೆ.

ಒಂದೂವರೆ ಯೂನಿಟ್ ಅಂದರೆ ಎಷ್ಟು ಅಂತ ಸಿರಿಂಜ್ ಹಿಡಿದು ನೋಡಿದವರಿಗೇ ಗೊತ್ತು. 0.015 ಮಿಲಿಲೀಟರ್. ಒಂದು ಹನಿಯ ಮೂರನೇ ಒಂದು ಪಾಲೂ ಇಲ್ಲ. ಸಣ್ಣ ಗಾಳಿಗುಳ್ಳೆ ಕೂತರೆ ಅದೇ ಅರ್ಧ ಯೂನಿಟ್ ತಿಂದುಬಿಡುತ್ತದೆ. ಒಂದಕ್ಕೂ ಎರಡಕ್ಕೂ ನಡುವಿನ ಜಾಗವನ್ನು ಟ್ಯೂಬ್‌ಲೈಟ್ ಕೆಳಗೆ ನೋಡುತ್ತಾ ನಿಂತೆ. ಅಮ್ಮ ಎದ್ದು ಬಂದು ಹಾಲು ಕಾಯಲಿಟ್ಟರು. ಈ ಸಲ ತೀರ್ಪು ಕೊಡಲಿಲ್ಲ. "ಸ್ವಲ್ಪ ಕಾಯಿ, ಅವರೇ ಫೋನ್ ಮಾಡ್ತಾರೆ. ಕೊಟ್ಟ ಮೇಲೆ ವಾಪಸ್ ತೆಗೆಯಕ್ಕಾಗಲ್ಲ" ಎಂದರು. ಮೂವತ್ತು ವರ್ಷ ಶುಗರ್ ಜೊತೆ ಬಾಳಿದವರ ಮಾತು.

ಆರೂ ಇಪ್ಪತ್ತಕ್ಕೆ ಫೋನ್ ಬಂತು. "ಒಂದೇ ಯೂನಿಟ್. ಮೊದಲು ತಿನ್ನಲಿ, ತಿಂದರೆ ಮಾತ್ರ ಕೊಡಿ." ಎರಡು ಚಮಚ ಮೀನಿನ ಗ್ರೇವಿ ನೆಕ್ಕಿದ. ಒಂದು ಯೂನಿಟ್ ಕೊಟ್ಟೆ. ಅವನಿಗೆ ಗೊತ್ತೂ ಆಗಲಿಲ್ಲ.

ಎಂಟೂಮುಕ್ಕಾಲಿಗೆ ಆಟೋದಲ್ಲಿ ಕ್ಲಿನಿಕ್. ಅಲ್ಲಿ ಅವರ ಮೀಟರ್‌ನಲ್ಲಿ 232. ಎಲ್ಲ ಸರಿ, ಮೊದಲ ಸರದಿ ಅವನದೇ. ಅಷ್ಟರಲ್ಲಿ ರಿಂಗ್ ರೋಡ್‌ನಲ್ಲಿ ಯಾವುದೋ ಗಾಡಿ ಗುದ್ದಿದ ನಾಯಿಯನ್ನು ಇಬ್ಬರು ಹುಡುಗರು ಗೋಣಿಚೀಲದಲ್ಲಿ ಎತ್ತಿಕೊಂಡು ಬಂದರು. ಅದನ್ನು ಒಳಗೆ ತೆಗೆದುಕೊಂಡರು. ತೆಗೆದುಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಬೆಲ್ಲನ ಹೊಟ್ಟೆಗೆ ಬಿದ್ದದ್ದು ಎರಡೇ ಚಮಚ, ಚರ್ಮದ ಕೆಳಗಿನ ಇನ್ಸುಲಿನ್ ನಾಯಿಗೂ ಕಾಯುವುದಿಲ್ಲ, ಸರದಿಗೂ ಕಾಯುವುದಿಲ್ಲ. ಹತ್ತು ಗಂಟೆಗೆ ಕೌಂಟರ್‌ಗೆ ಹೋಗಿ, ಒಂದು ಸಲ ಶುಗರ್ ನೋಡ್ತೀರಾ ಅಂದೆ. "ಬಂದಾಗ ನೋಡಿದೀವಲ್ಲ ಮೇಡಂ, ಚೆನ್ನಾಗೇ ಇದೆ, ಕೂತ್ಕೊಳ್ಳಿ." ಕೂತೆ. ನಾನು ಜಗಳಗಂಟಿಯಲ್ಲ, ಯಾರಾದರೂ ಕೂತ್ಕೊಳ್ಳಿ ಅಂದರೆ ಕೂರುತ್ತೇನೆ. ಹತ್ತೂವರೆಗೆ ಚೀಲದಿಂದ ಅಮ್ಮನ ಮೀಟರ್ ತೆಗೆದೆ. ಪಕ್ಕದಲ್ಲಿ ಗಿಣಿ ಪಂಜರ ಹಿಡಿದು ಕೂತಿದ್ದ ಹಿರಿಯರು ಬುಟ್ಟಿಯ ಬಾಗಿಲು ಹಿಡಿದುಕೊಂಡರು. ಬಿಸಿ ಬಟ್ಟೆ ಇಲ್ಲ, ಅಂಗೈಯಲ್ಲೇ ಕಿವಿ ಉಜ್ಜಿದೆ.

104. ಸಾಮಾನ್ಯ ದಿನವಾಗಿದ್ದರೆ ಪಾಯಸ ಮಾಡುವಂಥ ನಂಬರ್. ಆದರೆ ಇಳಿಯುತ್ತಿದೆ, ಹೊಟ್ಟೆ ಖಾಲಿ, ಮುಂದೆ ಅರಿವಳಿಕೆ. ಮೀಟರ್ ಹಿಡಿದುಕೊಂಡೇ ಒಳಬಾಗಿಲು ತಟ್ಟಿದೆ. ಡಾಕ್ಟರ್ ಮುಖ ಹೊರಗೆ ಹಾಕಿದರು, ಕೈಗವಸಿನಲ್ಲಿ ನಾಯಿಯ ರಕ್ತ. ನಂಬರ್ ನೋಡಿದರು. ನರ್ಸ್‌ಗೆ, "ಬೆಲ್ಲನಿಗೆ ಈಗಲೇ ಡ್ರಿಪ್ ಹಾಕು, ಡೆಕ್ಸ್ಟ್ರೋಸ್ ಸೇರಿಸಿ" ಎಂದರು. ಸಕ್ಕರೆ ಕಾಯಿಲೆಯ ಬೆಲ್ಲನಿಗೆ ಸಕ್ಕರೆ ನೀರು. ನಗು ಬರಲಿಲ್ಲ, ಆಮೇಲೆ ಬಂತು.

ಅರ್ಧ ಗಂಟೆಯಲ್ಲಿ 137 ಆಯಿತು. ಹನ್ನೊಂದೂಕಾಲಿಗೆ ಅರಿವಳಿಕೆ ಕೊಟ್ಟರು. ಒಳಗೆ ಏನಾಯಿತು ಅಂತ ನನಗೆ ಗೊತ್ತಾದದ್ದು ಒಂದು ಕಾಗದದಿಂದ. ಪ್ರತಿ ಅರ್ಧ ಗಂಟೆಗೊಮ್ಮೆ ಚುಚ್ಚಿ ನೋಡಿ ಬರೆದಿದ್ದರು: 142, 159, 176, ಅಷ್ಟು ಹೊತ್ತಿಗೆ ಡ್ರಿಪ್‌ನ ಸಕ್ಕರೆ ನಿಲ್ಲಿಸಿದ್ದಾರೆ, 168. ನಾಲ್ಕು ಹಲ್ಲು ಹೋದವು. ಒಂದರ ಬೇರು ಎಕ್ಸ್‌ರೇಯಲ್ಲಿ ಅರ್ಧ ಕರಗಿಹೋಗಿತ್ತು. ನಾನು ಮುಂದೂಡಿದ ಎರಡು ತಿಂಗಳು ಅವನು ಆ ಹಲ್ಲಿನಲ್ಲೇ ಕಚ್ಚಿ ತಿಂದಿದ್ದ.

ಗುದ್ದಿಸಿಕೊಂಡ ನಾಯಿಯೂ ಉಳಿಯಿತು. ಹಿಂದಿನ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಬೆಲ್ಲನ ಪಕ್ಕದ ಪಂಜರದಲ್ಲೇ ಮಲಗಿತ್ತು.

ಮೂರೂವರೆಗೆ ಅವನನ್ನು ನನ್ನ ಮುಂದಿಟ್ಟರು. ಕಣ್ಣಿನ ಕರಿಪಾಪೆ ಬಟ್ಟಲಗಲ. ಎದ್ದು ಎರಡು ಹೆಜ್ಜೆ ಇಟ್ಟು ತೂರಾಡಿದ, ನನ್ನ ಜೀವ ಬಾಯಿಗೆ ಬಂತು. "ಇದು ಮತ್ತಿನ ತೂರಾಟ" ಎಂದರು ಡಾಕ್ಟರ್. ಆದರೂ ಸುಮ್ಮನೆ ಹಾಗೆ ಹೇಳಿ ಬಿಡಲಿಲ್ಲ, ಕಿವಿ ಚುಚ್ಚಿ ನೋಡಿ 190 ಅಂತ ತೋರಿಸಿದರು. ಹೊಟ್ಟೆಗೆ ಹೋಗದೆ ಮನೆಗೆ ಕಳಿಸುವುದಿಲ್ಲ ಎಂದರು. ನಾಲ್ಕೂವರೆಗೆ ಅದೇ ಮೀನಿನ ಗ್ರೇವಿ ನೆಕ್ಕಿದ. ಸಂಜೆ ಏಳಕ್ಕೆ ಮನೆಯಲ್ಲಿ ಅರ್ಧ ಊಟ ಮಾಡಿದ, 261 ಇತ್ತು, ಫೋನ್‌ನಲ್ಲಿ ಕೇಳಿಕೊಂಡು ಒಂದೂವರೆ ಯೂನಿಟ್ ಕೊಟ್ಟೆ. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ನೋಡಿದರೆ ಅಮ್ಮ ಆಗಲೇ ಅವನ ಪಕ್ಕ ಜೇನುತುಪ್ಪದ ಬಾಟಲ್ ಇಟ್ಟುಕೊಂಡು ಕೂತಿದ್ದರು.

ಕೀವು ಹೋದ ಮೇಲೆ ಇನ್ಸುಲಿನ್‌ಗೆ ಮತ್ತೆ ಬಲ ಬಂದ ಹಾಗಾಯಿತು. ಮೂರು ವಾರದಲ್ಲಿ 3 ಯೂನಿಟ್ ಎರಡಾಯಿತು, ಶಿವರಾತ್ರಿ ಹೊತ್ತಿಗೆ ಒಂದು. ಮೊಸರನ್ನ ನಿಂತಿದೆ. ನಿಂತಿದೆ ಅಂತ ಅಮ್ಮ ಹೇಳುತ್ತಾರೆ.

ಡಾಕ್ಟರ್ ಆ ನಾಲ್ಕು ಹಲ್ಲುಗಳನ್ನು ಮೀಟರ್ ಸ್ಟ್ರಿಪ್‌ನ ಖಾಲಿ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಅದನ್ನು ಫ್ರಿಜ್ ಮೇಲಿಟ್ಟು ಮರೆತಿದ್ದೆ. ಮೊನ್ನೆ ಹುಡುಕಿದರೆ ಇಲ್ಲ. ಅಮ್ಮನನ್ನು ಕೇಳಿದೆ.

"ಮಾಡಿನ ಮೇಲೆ ಎಸೆದೆ" ಎಂದರು, ಕಾಫಿ ಸೋಸುತ್ತಾ. "ನಿನ್ನದೂ ಅಲ್ಲಿಗೇ ಎಸೆದಿದ್ದು."