ರಾಬಿನ್ ಬರೆದ ಕಾಗದ

1999ರ ಜೂನ್‌ನಲ್ಲಿ ನಾನು ನಮ್ಮ ಸೈನಿಕ ಶಾಲೆಯಲ್ಲಿ ಹತ್ತನೇ ತರಗತಿ. ಊರು ಆಗಿನ್ನೂ ಬಿಜಾಪುರ. ಕಾರ್ಗಿಲ್ ಯುದ್ಧ ನಡೆಯುತ್ತಿತ್ತು. ಸಂಜೆ ಪ್ರೆಪ್‌ಗೆ, ಅಂದರೆ ಓದಿನ ಹೊತ್ತಿಗೆ, ಮುಂಚೆ ಎಲ್ಲರೂ ಟಿವಿ ಮುಂದೆ ಸೇರುತ್ತಿದ್ದೆವು. ಜೂನ್ 13ರಂದು ದ್ರಾಸ್ ಬಳಿಯ ತೋಲೋಲಿಂಗ್ ಶಿಖರ ನಮ್ಮ ಕೈಗೆ ಬಂತು. ಅದನ್ನು ಗೆದ್ದ 2ನೇ ರಜಪೂತಾನಾ ರೈಫಲ್ಸ್‌ನ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಎಂ.ಬಿ. ರವೀಂದ್ರನಾಥ್ ನಮ್ಮದೇ ಶಾಲೆಯವರು, ಒಬ್ಬ ಅಜೀತ್ (ನಮ್ಮ ಶಾಲೆಯಲ್ಲಿ ಓದಿದವರನ್ನು ಕರೆಯುವುದೇ ಹಾಗೆ) ಅಂತ ಗೊತ್ತಾದಾಗ ನಾವು ನೆಲದ ಮೇಲೆ ನಡೆಯಲೇ ಇಲ್ಲ.

ಅವರಿಗೆ ವೀರಚಕ್ರ ಬಂತು. 2018ರಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನಾವೆಲ್ಲ ಬರೆದಿದ್ದೇವೆ, ಇನ್ನೂ ಬರೆಯಬೇಕು. ಈ ಸಲ ನನಗೆ ಅವರ ಕೈಕೆಳಗೆ ಹೋರಾಡಿದ ಒಬ್ಬ ಹುಡುಗನ ಬಗ್ಗೆ ಹೇಳಬೇಕಿದೆ. ಹುಡುಗ ಅಂತಲೇ ಅನ್ನುತ್ತೇನೆ. ಇಪ್ಪತ್ತೆರಡು ವಯಸ್ಸು, ಅಷ್ಟೇ.

ಕ್ಯಾಪ್ಟನ್ ವಿಜಯಂತ್ ಥಾಪರ್. ಮನೆಯಲ್ಲಿ ರಾಬಿನ್. ಹುಟ್ಟಿದ್ದು 1976ರ ಡಿಸೆಂಬರ್ 26, ಪಂಜಾಬಿನ ನಂಗಲ್‌ನಲ್ಲಿ. ಅಪ್ಪ ಸೈನ್ಯದಲ್ಲಿ ಕರ್ನಲ್. ವಿಜಯಂತ ಟ್ಯಾಂಕಿನ ಹೆಸರನ್ನೇ ಮಗನಿಗೆ ಇಟ್ಟರು. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಿಂದ 1998ರ ಡಿಸೆಂಬರ್‌ನಲ್ಲಿ ಪಾಸಾಗಿ ಬಂದು ರವೀಂದ್ರನಾಥ್ ಅವರ ಪಲ್ಟನ್ ಸೇರಿದ. ಅಲ್ಲಿಂದ ಆರೇ ತಿಂಗಳು ಬದುಕಿದ.

ಆ ಆರು ತಿಂಗಳಲ್ಲಿ ಪಲ್ಟನ್ ಕೆಲಕಾಲ ಕಾಶ್ಮೀರದ ಕುಪ್ವಾರಾದಲ್ಲಿತ್ತು. ಅಲ್ಲೊಂದು ಪುಟ್ಟ ಹುಡುಗಿ. ಉಗ್ರರು ಅವಳ ಕಣ್ಣೆದುರೇ ಅಪ್ಪನನ್ನು ಕೊಂದಿದ್ದರು, ಅವಳು ಮಾತು ಬಿಟ್ಟಿದ್ದಳು. ರಾಬಿನ್ ಚಾಕಲೇಟ್ ಹಿಡಿದು ಹೋಗುತ್ತಿದ್ದ, ಹತ್ತಿರ ಕೂತು ಮಾತಾಡಿಸುತ್ತಿದ್ದ. ಅವಳಿಗೊಂದು ಸಲ್ವಾರ್ ಕಮೀಜ್ ಹೊಲಿಸಿಡು ಅಂತ ಅಮ್ಮನಿಗೆ ಹೇಳಿದ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಂದೂಕು ಹಿಡಿದು ತಿರುಗುವ ಊರಿನಲ್ಲಿ, ಅವನ ತಲೆಯಲ್ಲಿ ಆ ಮಗುವಿನ ಅಳತೆಯ ಬಟ್ಟೆ ಇತ್ತು. ಇದನ್ನು ಓದಿದಾಗಲೆಲ್ಲ ನನಗೆ ಮುಂದೆ ಓದಲು ಆಗುವುದಿಲ್ಲ.

ಆಮೇಲೆ ಪಲ್ಟನ್ ದ್ರಾಸ್‌ಗೆ ಬಂತು. ತೋಲೋಲಿಂಗ್ ಆಯಿತು. ಜೂನ್ 28ರ ರಾತ್ರಿ ನೋಲ್ ಎಂಬ ಗುಡ್ಡದ ಮೇಲೆ ದಾಳಿ. ಬೆಳದಿಂಗಳು, ಮರೆಯಿಲ್ಲದ ಕಡಿದಾದ ಏಣು. ದಾಳಿ ಶುರುವಾಗುವ ಮೊದಲೇ ಶತ್ರುವಿನ ಷೆಲ್‌ಗಳು ಇವರ ಮೇಲೆ ಬಿದ್ದವು. ಉಳಿದವರನ್ನು ಸೇರಿಸಿಕೊಂಡು ರಾಬಿನ್ ಮತ್ತೆ ಹತ್ತಿದ. ಮೇಲೆ ಮೆಷಿನ್ ಗನ್ ಗುಂಡು ತಗುಲಿ ಜೊತೆಗಾರನ ತೋಳಿನಲ್ಲೇ ಬಿದ್ದ. ಅದೇ ದಾಳಿಯಲ್ಲಿ ಪಲ್ಟನ್ ಮೇಜರ್ ಪದ್ಮಪಾಣಿ ಆಚಾರ್ಯ, ಕ್ಯಾಪ್ಟನ್ ಕೆಂಗುರುಸೆ ಇಬ್ಬರನ್ನೂ ಕಳೆದುಕೊಂಡಿತು. ಗುಡ್ಡ ನಮ್ಮದಾಯಿತು. ರಾಬಿನ್‌ಗೆ ಮರಣೋತ್ತರ ವೀರಚಕ್ರ.

ಹೋಗುವ ಮೊದಲು ಮನೆಗೊಂದು ಕಾಗದ ಬರೆದಿಟ್ಟಿದ್ದ. ಮತ್ತೆ ಮನುಷ್ಯನಾಗಿ ಹುಟ್ಟಿದರೂ ಸೈನ್ಯವನ್ನೇ ಸೇರುತ್ತೇನೆ ಅನ್ನುವ ಸಾಲು ಎಲ್ಲರ ಬಾಯಲ್ಲಿದೆ. ಈಗ ಶಾಲೆಯಲ್ಲಿರುವ ಕೆಡೆಟ್‌ಗಳು ಅಲ್ಲಿಗೇ ನಿಲ್ಲಿಸಬಾರದು ಅನ್ನೋದು ನನ್ನ ಆಸೆ. ಮಿಕ್ಕ ಸಾಲುಗಳನ್ನೂ ಓದಿ. ನನ್ನ ದೇಹದಿಂದ ಯಾವ ಅಂಗ ತೆಗೆಯಲು ಬರುತ್ತೋ ಅದನ್ನು ತೆಗೆಯಿರಿ ಅಂದಿದ್ದಾನೆ. ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ ಅಂದಿದ್ದಾನೆ. ಆ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಿ ಅಂತ, ಹೆಸರು ಹಿಡಿದು ಬರೆದಿದ್ದಾನೆ. ಸಾಧ್ಯವಾದರೆ ಸೈನ್ಯ ಹೋರಾಡಿದ ಜಾಗವನ್ನು ಬಂದು ನೋಡಿ ಅಂತಲೂ ಕೇಳಿದ್ದಾನೆ.

ಧೈರ್ಯವನ್ನು ನಮಗೆ ಮೈದಾನದಲ್ಲಿ ಕಲಿಸುತ್ತಾರೆ. ಸಾವು ಎದುರಿಗಿರುವಾಗ ಬೇರೆಯವರ ಮಗುವಿನ ತಿಂಗಳ ಖರ್ಚು ನೆನಪಿಟ್ಟುಕೊಳ್ಳುವ ಮನಸ್ಸು ಎಲ್ಲಿಂದ ಬರುತ್ತೆ? ನನಗೆ ಅವನ ಶೌರ್ಯಕ್ಕಿಂತ ಇದೇ ಜಾಸ್ತಿ ದೊಡ್ಡದಾಗಿ ಕಾಣುತ್ತದೆ.

ಮನೆಯವರು ಆ ಹುಡುಗಿಯ ಕೈ ಬಿಡಲಿಲ್ಲ. ಅಪ್ಪ ದ್ರಾಸ್‌ಗೂ ಹೋದರು, ಮಗ ಕೇಳಿದ್ದಕ್ಕೆ. ಆಮೇಲೂ ಮತ್ತೆ ಮತ್ತೆ ಹೋದರು.