ಮಧ್ಯಕ್ಕೆ ಮ್ಯಾಗ್ನೆಟ್ ಅಂಟಿತು, ಅಷ್ಟಕ್ಕೇ ಸುಮ್ಮನಾದೆ

ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಯೂನಿಟ್ (ಲೋಹಕ್ಕೆ ಒಣ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸೋ ಕಡೆ) ಅಂದರೆ ಒಂದೇ ತರಹದ ಮಾಲು, ಸಾವಿರಗಟ್ಟಲೆ. ಪ್ಯಾನಲ್ ಬಾಗಿಲು, ರ್ಯಾಕ್ ಆ್ಯಂಗಲ್, ಬ್ರಾಕೆಟ್. ಬೆಳಿಗ್ಗೆ ಹುಕ್‌ಗೆ ಹಾಕಿದ್ದು ಸಂಜೆ ಡೆಲಿವರಿ ಚಲನ್ ಜೊತೆ ಗಾಡಿ ಹತ್ತಬೇಕು. ಒಂದೊಂದೇ ಬರೋ ಬಿಡಿ ಮಾಲು ನಮ್ಮ ಲೈನಿಗೆ ಒಗ್ಗಲ್ಲ. ಇದು ನಮ್ಮ ಓನರ್‌ಗೂ ಗೊತ್ತು. ಸ್ನೇಹಿತರು ಯಾರಾದರೂ ಫೋನ್ ಮಾಡಿದರೆ ಮಾತ್ರ ಮರೆತುಹೋಗುತ್ತೆ.

ಹಾಗೆ ಬಂದಿದ್ದು ವೆಬರ್ ಕಂಪನಿಯ ಒಂದು ಹಳೇ ಜೆನೆಸಿಸ್ ಗ್ಯಾಸ್ ಗ್ರಿಲ್, ಅಂದರೆ ಹಿತ್ತಲಲ್ಲಿಟ್ಟು ಮಾಂಸ, ತರಕಾರಿ ಸುಡೋ ಒಲೆ. ನ್ಯೂಜೆರ್ಸಿಯಿಂದ ವಾಪಸ್ ಬಂದವರೊಬ್ಬರು ಮನೆ ಸಾಮಾನಿನ ಕಂಟೇನರ್‌ನಲ್ಲಿ ಇದನ್ನೂ ತಂದಿದ್ದರು. ಜೆನೆಸಿಸ್ ಶುರುವಾಗಿದ್ದು 1985ರಲ್ಲಿ. ಅಮೆರಿಕದಲ್ಲಿ ಹಳೇದನ್ನು ಬಿಚ್ಚಿ, ಉಜ್ಜಿ, ಬಣ್ಣ ಮಾಡಿ ಮತ್ತೆ ಹಿತ್ತಲಲ್ಲಿ ನಿಲ್ಲಿಸೋದು ಕೆಲವರಿಗೆ ಒಂದು ಹುಚ್ಚು. "ಬರ್ನರ್, ವಾಲ್ವ್, ಗ್ಯಾಸ್ ಪೈಪು ಮುಟ್ಟಬೇಡಿ. ನೋಡೋಕೆ ಚೆನ್ನಾಗಿರಬೇಕು, ಅಷ್ಟೇ" ಅಂದರು ಆ ಸರ್. ಓನರ್ ನನ್ನ ಕಡೆ ತಿರುಗಿ, "ಸುಮ್ನೆ ಕಪ್ಪು ಹೊಡೆದು ಕಳಿಸಪ್ಪ" ಅಂದರು.

ಕಪ್ಪು ಅಂದರೆ ಯಾವ ಕಪ್ಪು? ದೂರದಿಂದ ನೋಡಿದರೆ ಇಡೀ ಗ್ರಿಲ್ ಕಪ್ಪೇ. ಹತ್ತಿರ ಹೋದರೆ ಮುಚ್ಚಳದ ಮಧ್ಯದ ಶೀಟಿನದು ಎನಾಮಲ್. ಅದು ಪೇಂಟ್ ಅಲ್ಲ, ಸುಮಾರು 800 ಡಿಗ್ರಿಯಲ್ಲಿ ಸ್ಟೀಲಿನ ಮೇಲೆ ಕರಗಿಸಿ ಕೂರಿಸಿದ ಗಾಜು. ನಾಬ್‌ಗಳದು ಪ್ಲಾಸ್ಟಿಕ್ಕಿನ ಕಪ್ಪು. ಮುಚ್ಚಳದ ಒಳಗೆ ಹಪ್ಪಳದ ಹಾಗೆ ಎದ್ದು ಬರುತ್ತಿದ್ದದ್ದು ಹೊಗೆ, ಜಿಡ್ಡು ಸೇರಿ ಕಟ್ಟಿದ ಕರಿ. ಅದನ್ನು ಎಲ್ಲರೂ ಪೇಂಟ್ ಕಿತ್ತುಬರ್ತಿದೆ ಅಂದುಕೊಳ್ಳುತ್ತಾರೆ. ಓನರ್ ಕೂಡ ಅಂದುಕೊಂಡು, "ಬ್ಲಾಸ್ಟಿಂಗ್‌ಗೆ ಹಾಕಿಬಿಡು" ಅಂದರು. ನಾನು ಬಿಡಲಿಲ್ಲ. ಗಾಜಿಗೆ ಗಾಳಿಯ ರಭಸದಲ್ಲಿ ಗ್ರಿಟ್ ಕಣ ಹೊಡೆದರೆ ಏನು ಉಳಿಯುತ್ತೆ? ಪ್ಲಾಸ್ಟಿಕ್ ಸ್ಕ್ರೇಪರ್, ಸೋಪು ನೀರು, ಅಷ್ಟೇ ಸಾಕು ಅಂತ ಹಟ ಹಿಡಿದೆ. ಗೆದ್ದೆ ಕೂಡ. ಗೆದ್ದ ಖುಷಿಯಲ್ಲೇ ಜಾಬ್ ಕಾರ್ಡ್ ಬರೆಯೋಕೆ ಕೂತೆ.

ನಮ್ಮಲ್ಲಿ ಮೆಟಲ್ ನೋಡೋದು ಜೇಬಿನ ಮ್ಯಾಗ್ನೆಟ್‌ನಿಂದ. ಮುಚ್ಚಳದ ಮಧ್ಯಕ್ಕೆ ಇಟ್ಟೆ, ಟಕ್ ಅಂತ ಅಂಟಿತು. "ಎಂಎಸ್", ಅಂದರೆ ಮೈಲ್ಡ್ ಸ್ಟೀಲ್, ಅಂತ ಬರೆದೆ. ಮುಚ್ಚಳದ ಎರಡೂ ತುದಿಗೆ ಒಂದೊಂದು ದಪ್ಪ ಕ್ಯಾಪ್ ಇರುತ್ತೆ, ಅವು ಅಲ್ಯೂಮಿನಿಯಂ ಕಾಸ್ಟಿಂಗ್, ಅಂದರೆ ಅಚ್ಚಿಗೆ ಎರಕ ಹೊಯ್ದದ್ದು. ಮೇಲೆ ಕಪ್ಪು ಪೇಂಟ್, ಅದರ ಮೇಲೆ ವರ್ಷಗಟ್ಟಲೆ ಜಿಡ್ಡು. ಕೈ ಒಂದು ಗೇಣು ಪಕ್ಕಕ್ಕೆ ಸರಿಸಿದ್ದರೆ ಮ್ಯಾಗ್ನೆಟ್ ಜಾರಿ ಕೆಳಗೆ ಬೀಳುತ್ತಿತ್ತು. ಸರಿಸಲಿಲ್ಲ.

ಮಧ್ಯಾಹ್ನ ಡಿಪ್ಪಿಂಗ್ ಹುಡುಗ ಕಾರ್ಡ್ ನೋಡಿ ಕೆಲಸ ಮಾಡಿದ. ಎನಾಮಲ್ ಶೀಟ್ ಬದಿಗಿಟ್ಟ, ಸ್ಟ್ಯಾಂಡಿನ ಕಾಲು, ಕೆಳಗಿನ ಪ್ಯಾನಲ್, ಜೊತೆಗೆ ಎರಡೂ ಕ್ಯಾಪ್ ಒಂದೇ ಬುಟ್ಟಿಗೆ ಹಾಕಿ ಡಿಗ್ರೀಸಿಂಗ್ ಟ್ಯಾಂಕಿಗೆ ಇಳಿಸಿದ. ನಮ್ಮದು ಕಾಸ್ಟಿಕ್ ಸೋಡಾ ಇರೋ, ಜಿಡ್ಡು ತೆಗೆಯೋ ಡಿಗ್ರೀಸರ್, 65 ಡಿಗ್ರಿ. ಸ್ಟೀಲಿಗೆ ಅದು ಸ್ನಾನ. ಅಲ್ಯೂಮಿನಿಯಮ್ಮನ್ನು ಅದು ತಿನ್ನುತ್ತೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತೆ. ಒಂದು ಕಿಡಿ ಸಾಕು, ಅದು ಹೊತ್ತಿಕೊಳ್ಳೋಕೆ.

ಮೊದಲು ಏನೂ ಆಗಲಿಲ್ಲ. ಜಿಡ್ಡು, ಪೇಂಟು ಬಿಡೋವರೆಗೆ ಮೆಟಲ್‌ಗೆ ರಕ್ಷಣೆ ಇತ್ತಲ್ವಾ. ಆಮೇಲೆ ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ. ನೋಡ್ತಾ ನೋಡ್ತಾ ನೊರೆ ಟ್ಯಾಂಕಿನ ಅಂಚಿಗೆ ಬಂತು. "ಅಣ್ಣಾ, ಕುದೀತಿದೆ" ಅಂತ ಹುಡುಗ ಕೂಗಿದ. ನಾನು ಓಡಿ ಬಂದು ಹಾಯ್ಸ್ಟ್ ಬಟನ್ ಒತ್ತಿದೆ. ಬುಟ್ಟಿ ಒಂದಡಿ ಎದ್ದಿತ್ತೋ ಇಲ್ಲವೋ, ಕರೆಂಟ್ ಹೋಯಿತು.

ಹಾಯ್ಸ್ಟ್ ನಿಂತಿತು. ಟ್ಯಾಂಕ್ ಮೇಲಿನ ಎಕ್ಸಾಸ್ಟ್ ಫ್ಯಾನೂ ನಿಂತಿತು, ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಡೀಸೆಲ್ ಜನರೇಟರ್ ಆಪರೇಟರ್ ಟೀಗೆ ಹೋಗಿದ್ದ. ಕರೆಂಟ್ ಹೋದರೆ ತಾನೇ ಜನರೇಟರ್‌ಗೆ ಬದಲಾಗೋ ಆಟೋ ಚೇಂಜ್‌ಓವರ್ ಹಾಕಿಸಿ ಅಂತ ಎಷ್ಟು ಸಲ ಹೇಳಿದರೂ "ಮುಂದಿನ ಕ್ವಾರ್ಟರ್ ನೋಡೋಣ" ಅನ್ನೋದೇ ಉತ್ತರ. ಶಟರ್ ಪೂರ್ತಿ ಎತ್ತಿಸಿದೆ. ಗ್ಲೌಸ್, ಫೇಸ್ ಶೀಲ್ಡ್ ಹಾಕಿಕೊಂಡು ಉದ್ದದ ಹುಕ್ ರಾಡ್ ಹಿಡಿದೆ. ಬುಟ್ಟಿ ಎತ್ತೋಕಾಗದ ಭಾರ, ಕ್ಯಾಪ್‌ಗಳನ್ನೇ ಮೀನು ಹಿಡಿದಂಗೆ ತೆಗೀಬೇಕು. ನೊರೆಯಲ್ಲಿ ಏನೂ ಕಾಣಲ್ಲ. ಒಂದು ಬೋಲ್ಟ್ ತೂತಿಗೆ ಹುಕ್ ಸಿಕ್ಕಿ ಮೊದಲನೇದು ಬಂತು. ಎರಡನೇದು ಪ್ಯಾನಲ್ ಅಡಿಗೆ ಜಾರಿತ್ತು. ಪೌಡರ್ ಗನ್ ಹೊಡೆಯೋ ನಮ್ಮ ಸೀನಿಯರ್ ಇನ್ನೊಂದು ರಾಡಿನಿಂದ ಪ್ಯಾನಲ್ ಎತ್ತಿ ಹಿಡಿದರು, ಒಂದು ಮಾತೂ ಆಡದೆ. ಅದು ಹೊರಗೆ ಬಂದು ರಿನ್ಸ್ ಟ್ಯಾಂಕಿಗೆ ಬಿದ್ದ ಮೇಲೆ ನಾನು ಮಾಡಿದ ಮೊದಲ ಕೆಲಸ ಮೇಂಟೆನೆನ್ಸ್ ಹುಡುಗನಿಗೆ ಕೂಗಿದ್ದು: ಕರೆಂಟ್ ಬಂದ ತಕ್ಷಣ ಗ್ರೈಂಡರ್ ಹಚ್ಚಬೇಡ!

ಕ್ಯಾಪ್‌ಗಳು ಕಪ್ಪು ಮಸಿ ಬಳಿದಂತೆ ಆಗಿದ್ದವು. ನೈಟ್ರಿಕ್ ಆ್ಯಸಿಡ್‌ನಲ್ಲಿ ಅದ್ದಿದರೂ ಬೂದು ಬಣ್ಣ ಪೂರ್ತಿ ಹೋಗಲಿಲ್ಲ. ಕಾಸ್ಟಿಂಗ್‌ನಲ್ಲಿ ಸಿಲಿಕಾನ್ ಇರುತ್ತೆ, ಅದು ನೈಟ್ರಿಕ್‌ಗೆ ಬಗ್ಗಲ್ಲ. ಎಮರಿ ಪೇಪರ್ ಹಿಡಿದು ಕೈಯಲ್ಲೇ ಉಜ್ಜಿದೆವು.

ಓನರ್‌ಗೆ ಪೌಡರೇ ಬೇಕು. ಹೊಡೆದೆವು, 200 ಡಿಗ್ರಿಯಲ್ಲಿ ಬೇಯಿಸಿದೆವು. ಓವನ್‌ನಿಂದ ತೆಗೆದರೆ ಮೈತುಂಬಾ ಪಿನ್‌ಹೋಲ್, ಸೂಜಿ ಚುಚ್ಚಿದಂಥ ತೂತು. ಏರ್‌ಲೈನ್‌ನಲ್ಲಿ ನೀರು ಬರ್ತಿದೆ ಅಂತ ನಾನು ಕಂಪ್ರೆಸರ್‌ನ ಡ್ರೈಯರ್ ಬಿಚ್ಚಿಸಿ ಕೂತೆ. ಮೈಮುರಿದು ಕೆಲಸ ಮಾಡಿದ್ದೇ ಬಂತು, ಫಿಲ್ಟರ್ ಒಣಗಿತ್ತು. ಸೀನಿಯರ್ ಕ್ಯಾಪ್ ಮೂಸಿ ನೋಡಿ, "ಸುಟ್ಟ ಕೊಬ್ಬಿನ ವಾಸನೆ ಬರ್ತಿದೆ ಕಣೋ" ಅಂದರು. ಸರಿಯಾಗೇ ಹೇಳಿದ್ದರು. ಕಾಸ್ಟಿಂಗ್‌ನ ಸಣ್ಣ ರಂಧ್ರಗಳಲ್ಲಿ ಹಳೇ ಜಿಡ್ಡು ಇಂಗಿತ್ತು. ಕಾಯಿಸಿದಾಗ ಅದು ಗ್ಯಾಸ್ ಆಗಿ, ಕರಗಿದ ಪೌಡರ್ ಸೀಳಿಕೊಂಡು ಬರುತ್ತಿತ್ತು. ಪೌಡರ್ ಹೊಡೆಯೋ ಮುಂಚೆ ಬರೀ ಕಾಸ್ಟಿಂಗ್ ಅನ್ನೇ ಓವನ್‌ನಲ್ಲಿ ಇನ್ನೂ ಜಾಸ್ತಿ ಶಾಖಕ್ಕೆ ಕಾಯಿಸಿ ಹೊಗೆ ಬಿಡಿಸಬೇಕಿತ್ತು.

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಗ್ರಿಲ್ ಪೂರ್ತಿ ಉರಿಯಲ್ಲಿದ್ದರೆ ಒಳಗೆ 250 ಡಿಗ್ರಿ ದಾಟುತ್ತೆ. ಪ್ಯಾನಲ್‌ಗೆ ಹೊಡೆಯೋ ಪಾಲಿಯೆಸ್ಟರ್ ಪೌಡರ್ ಅಲ್ಲಿ ಎಷ್ಟು ದಿನ ನಿಲ್ಲುತ್ತೆ? ಸಿಲಿಕೋನ್ ಬೇಸ್‌ನ ಹೈ ಹೀಟ್ ಪೌಡರ್ ಬೇಕು. ಎರಡು ಕ್ಯಾಪ್‌ಗೆ ಇಡೀ ಬಾಕ್ಸ್ ತರಿಸಲ್ಲ ಅಂತ ಪರ್ಚೇಸ್‌ನವರು. ಕೊನೆಗೆ ಎಲ್ಲಾ ಕೆರೆದು, ಕ್ಯಾಪ್ ಕಾಯಿಸಿ, ಅಂಗಡಿಯಿಂದ ತಂದ ಹೈ ಹೀಟ್ ಸ್ಪ್ರೇ ಕ್ಯಾನ್‌ನಿಂದ ತೆಳುವಾಗಿ ಕೋಟ್ ಕೊಟ್ಟೆವು. ಪೌಡರ್ ಕೋಟಿಂಗ್ ಫ್ಯಾಕ್ಟರಿಯಲ್ಲಿ ಸ್ಪ್ರೇ ಕ್ಯಾನ್! ಆದರೆ ಮ್ಯಾಟ್ ಕಪ್ಪು ಚೆನ್ನಾಗಿ ಕೂತಿತು. ಎಮರಿಗೂ ಹೋಗದ ಎರಡು ಸಣ್ಣ ಕುಳಿ ಎಡಗಡೆ ಕ್ಯಾಪ್‌ನಲ್ಲಿ ಉಳಿದವು.

ಉಳಿದದ್ದು ಸಲೀಸು. ಪಕ್ಕದ ಟೇಬಲ್‌ಗಳ ಮರದ ಪಟ್ಟಿಗೆ ಎಣ್ಣೆ. ನಾಬ್ ಮೇಲಿನ ಗುರುತಿಗೆ ಬಿಳಿ ಪೇಂಟ್ ತುಂಬಿ ಒರೆಸಿದ್ದು ಕ್ವಾಲಿಟಿ ನೋಡೋ ಕ್ಯೂಸಿ ಮೇಡಂ, ಊಟದ ಬಿಡುವಿನಲ್ಲಿ.

ಆ ಸರ್ ಬಂದು ನೋಡಿ ಖುಷಿಪಟ್ಟರು. ಎಡಗಡೆ ಕುಳಿಗಳನ್ನು ನಾನೇ ತೋರಿಸಿದೆ, ಓನರ್ ನನ್ನನ್ನು ದುರುಗುಟ್ಟಿ ನೋಡಿದರು. ಜಾಬ್ ಕಾರ್ಡ್‌ನಲ್ಲಿ ಪ್ರತಿ ಬಿಡಿಭಾಗಕ್ಕೂ ಬೇರೆ ಬೇರೆ ಮೆಟಲ್ ಕಾಲಂ ಹಾಕಿಸಿ ಅಂತ ಅವತ್ತೇ ಬರೆದುಕೊಟ್ಟೆ. ಹಳೇ ಕಾರ್ಡಿನ ಬಂಡಲ್ ಮುಗಿಯಲಿ ಅಂದರು. ಸದ್ಯಕ್ಕೆ ಕಾರ್ಡಿನ ಹಿಂದುಗಡೆ ಪೆನ್ನಲ್ಲಿ ಗೆರೆ ಎಳೆದು ಬರೀತಿದ್ದೀವಿ.