ನೆಯ್ಮಾರ್‌ನನ್ನು ಬಾರ್ಸಿಲೋನಾ ಮಾರಲೇ ಇಲ್ಲ

2017ರ ಆಗಸ್ಟ್ 3ರಂದು ಬಾರ್ಸಿಲೋನಾ ಕ್ಲಬ್ಬಿನ ಕಚೇರಿಗೆ ಹೋಗಿ ಒಪ್ಪಂದ ಮುರಿಯುವ ಪರಿಹಾರವಾಗಿ 22.2 ಕೋಟಿ ಯೂರೋ ಕಟ್ಟಿದ್ದು ಬ್ರೆಜಿಲ್‌ನ ಫುಟ್ಬಾಲ್ ಆಟಗಾರ ನೆಯ್ಮಾರ್ ಪರ ವಕೀಲರು. ದುಡ್ಡಿನ ಮೂಲ ಅವನನ್ನು ಸೇರಿಸಿಕೊಳ್ಳಲಿದ್ದ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಅನ್ನುವುದು ಯಾರಿಗೂ ಗುಟ್ಟಾಗಿರಲಿಲ್ಲ. ಆದರೂ ಕಾನೂನಿನ ಲೆಕ್ಕದಲ್ಲಿ ಕಟ್ಟಿದವನು ಆಟಗಾರನೇ. ಪತ್ರಿಕೆಗಳು 'ದಾಖಲೆ ಮಾರಾಟ' ಎಂದು ಬರೆದವು, ಮಾರಾಟ ಮಾತ್ರ ನಡೆದಿರಲಿಲ್ಲ.

ಇದರ ಬೇರು ಸ್ಪೇನಿನ 1985ರ 1006ನೇ ರಾಜಾಜ್ಞೆಯಲ್ಲಿದೆ. ಅದರ 16ನೇ ವಿಧಿಯ ಪ್ರಕಾರ, ಕ್ಲಬ್ಬಿನ ಕಡೆಯಿಂದ ಯಾವ ತಪ್ಪೂ ಇಲ್ಲದಿದ್ದರೂ ವೃತ್ತಿಪರ ಆಟಗಾರ ಒಪ್ಪಂದವನ್ನು ನಡುವೆಯೇ ಮುರಿಯಬಹುದು, ಪರಿಹಾರ ಮಾತ್ರ ಕೊಡಬೇಕು. ಎಷ್ಟು ಎಂದು ಮೊದಲೇ ಒಪ್ಪಿಕೊಂಡಿದ್ದರೆ ಅಷ್ಟು, ಇಲ್ಲದಿದ್ದರೆ ಕಾರ್ಮಿಕ ನ್ಯಾಯಾಲಯ ಹೇಳಿದಷ್ಟು. ಒಪ್ಪಂದದಲ್ಲಿ ಅಂಕಿ ಬರೆಯಲೇಬೇಕೆಂದು ಕಾನೂನು ಹೇಳುವುದಿಲ್ಲ (ಬಹಳಷ್ಟು ಮಂದಿ ಹಾಗೆ ತಿಳಿದಿದ್ದಾರೆ). ಆದರೆ ನ್ಯಾಯಾಧೀಶರು ಎಷ್ಟು ಕಡಿಮೆ ಮಾಡಿಬಿಡುತ್ತಾರೋ ಎಂಬ ಭಯಕ್ಕೆ ಕ್ಲಬ್ಬುಗಳು ಬರೆದೇ ಬರೆಯುತ್ತವೆ. ಬಾರ್ಸಿಲೋನಾ ಆಟಗಾರ ಪೆಡ್ರಿಯ ಒಪ್ಪಂದದಲ್ಲಿರುವ 100 ಕೋಟಿ ಯೂರೋ ಅವನ ಬೆಲೆಯಲ್ಲ, ಬಾಗಿಲಿಗೆ ಜಡಿದ ಬೀಗ.

ಬೀಗ ತೆಗೆಯುವ ಕ್ರಮ ಹೀಗೆ: ಹೊಸ ಕ್ಲಬ್ ಆಟಗಾರನಿಗೆ ಹಣ ಒದಗಿಸುತ್ತದೆ, ಅವನ ವಕೀಲರು ಅದನ್ನು ಮ್ಯಾಡ್ರಿಡ್‌ನಲ್ಲಿರುವ ಲಾ ಲೀಗಾ (ಸ್ಪೇನಿನ ಫುಟ್ಬಾಲ್ ಲೀಗ್) ಕಚೇರಿಯಲ್ಲಿ ಇಡುತ್ತಾರೆ, ಲೀಗ್ ಅದನ್ನು ಹಳೆಯ ಕ್ಲಬ್ಬಿಗೆ ತಿಳಿಸುತ್ತದೆ. ಪೂರ್ತಿ ಮೊತ್ತ, ಒಂದೇ ಸಲ. ಕ್ಲಬ್ಬುಗಳು ಕೂತು ಮಾತಾಡಿಕೊಂಡರೆ ಮೂರು-ನಾಲ್ಕು ಕಂತು ಮಾಡಿಕೊಳ್ಳಬಹುದು, ಬದಲಿಗೆ ಇನ್ನೊಬ್ಬ ಆಟಗಾರನನ್ನು ಕೊಡಬಹುದು. ಇಲ್ಲಿ ಅದ್ಯಾವುದೂ ನಡೆಯುವುದಿಲ್ಲ. ಅಥ್ಲೆಟಿಕ್ ಬಿಲ್ಬಾವೊಗೆ ಬೇಕಾದದ್ದೂ ಇದೇ. ಉತ್ತರ ಸ್ಪೇನಿನ ಬಾಸ್ಕ್ ಪ್ರದೇಶದ ನಂಟಿನ ಆಟಗಾರರನ್ನಷ್ಟೇ ಆಡಿಸುವ ಆ ಕ್ಲಬ್ಬಿಗೆ ಕಳೆದುಕೊಂಡವರ ಜಾಗ ತುಂಬುವುದು ಕಷ್ಟ, ಹಾಗಾಗಿ ಚೌಕಾಸಿಗೇ ಕೂರುವುದಿಲ್ಲ. 2012ರಲ್ಲಿ ಹಾವಿ ಮಾರ್ಟಿನೆಸ್‌ಗೆ 4 ಕೋಟಿ, 2018ರಲ್ಲಿ ಗೋಲ್‌ಕೀಪರ್ ಕೆಪಾಗೆ 8 ಕೋಟಿ ಯೂರೋ, ಎರಡೂ ಪೂರ್ತಿ ಬಂದವು.

ಎಡವಟ್ಟಾಗುವುದು ಹೆಚ್ಚಾಗಿ ಆಟಗಾರರು ಕ್ಲಬ್ ಬದಲಿಸಲು ಇರುವ ಅವಧಿಯ ಕೊನೆಯ ದಿನ. 2013ರಲ್ಲಿ ಬಿಲ್ಬಾವೊದ ಆಂಡರ್ ಎರೆರಾನಿಗಾಗಿ ಮ್ಯಾಂಚೆಸ್ಟರ್ ಯುನೈಟೆಡ್ ಗಡುವಿನವರೆಗೂ ಒದ್ದಾಡಿತು, ಕೆಲಸ ಆಗಲಿಲ್ಲ. ಮರುವರ್ಷ 3.6 ಕೋಟಿ ಕಟ್ಟಿ ಕರೆದೊಯ್ದರು. ನೆಯ್ಮಾರ್ ವಿಷಯದಲ್ಲಂತೂ ಲೀಗೇ ಹಣ ಮುಟ್ಟಲು ಒಪ್ಪಲಿಲ್ಲ. ಪಿಎಸ್‌ಜಿ ಆರ್ಥಿಕ ಶಿಸ್ತಿನ ನಿಯಮ ಮುರಿಯುತ್ತಿದೆ ಎಂಬುದು ಅದರ ತಕರಾರು. ವಕೀಲರು ನೇರ ಕ್ಲಬ್ಬಿಗೇ ಹೋದದ್ದು ಅದಕ್ಕೆ.

ಮೆಸ್ಸಿಯ ಪ್ರಕರಣ ತಾರೀಖಿನದು. ಸೀಸನ್ ಕೊನೆಗೆ ಬಾರ್ಸಿಲೋನಾದಿಂದ ಪುಕ್ಕಟೆಯಾಗಿ ಹೊರಡುವ ಹಕ್ಕು ಅವನಿಗಿತ್ತು, ಆದರೆ ಜೂನ್ 10ರೊಳಗೆ ತಿಳಿಸಬೇಕಿತ್ತು. ಕೋವಿಡ್‌ನಿಂದಾಗಿ 2020ರ ಸೀಸನ್ ಆಗಸ್ಟ್‌ವರೆಗೆ ಎಳೆಯಿತು. ಅವನ ಬ್ಯೂರೋಫ್ಯಾಕ್ಸ್, ಅಂದರೆ ಸ್ಪೇನಿನಲ್ಲಿ ಕಾನೂನು ಸಾಕ್ಷಿಯಾಗಿ ನಿಲ್ಲುವ ನೋಂದಾಯಿತ ಅಂಚೆ, ಕ್ಲಬ್ಬಿಗೆ ತಲುಪಿದ್ದು ಆಗಸ್ಟ್ 25ಕ್ಕೆ. ಸೀಸನ್ ಮುಗಿದದ್ದೇ ಈಗ ಎಂದು ಅವನ ಕಡೆಯವರು, ಗಡುವು ದಾಟಿದೆ, ಒಪ್ಪಂದದಲ್ಲಿ ಬರೆದ 70 ಕೋಟಿ ಯೂರೋ ಕಟ್ಟಿ ಎಂದು ಕ್ಲಬ್ ಮತ್ತು ಲೀಗ್. ಅವನ ಕಡೆಯವರ ವಾದದಲ್ಲಿ ಹುರುಳಿತ್ತು. ಆದರೂ ತನ್ನ ಕ್ಲಬ್ಬನ್ನು ಕೋರ್ಟಿಗೆ ಎಳೆಯಲಾರೆ ಎಂದು ಮೆಸ್ಸಿ ಇನ್ನೊಂದು ಸೀಸನ್ ಅಲ್ಲೇ ಆಡಿದ.